ಒಮ್ಮೆಯೂ ಕದಲದ ಮನೆ

ಸಾಲದ ಕಚೇರಿಯವರು ಕೊಟ್ಟ ಪಟ್ಟಿಯಲ್ಲಿ ಹನ್ನೊಂದು ಷರತ್ತುಗಳಿದ್ದವು. ಹತ್ತನ್ನು ರೊವೀನಾ ಒಂದೇ ಬೇಸಿಗೆಯಲ್ಲಿ ಪೂರೈಸಿದಳು. ಹನ್ನೊಂದನೆಯದನ್ನು ಅವಳ ಅತ್ತೆ ಡೆಲ್ಫಿಯಾ ಒಂದು ಮಧ್ಯಾಹ್ನದ ಊಟ ಮುಗಿಯುವಷ್ಟರಲ್ಲಿ ಹಾಳುಮಾಡಿದಳು. ಹಾಗಂತ ಕಚೇರಿಯವರು ಹೇಳುತ್ತಾರೆ. ನಿಜಕ್ಕೂ ಹಾಳುಮಾಡಿದ್ದು ಯಾರು ಎಂಬುದನ್ನು ಕೇಳಿದವರೇ ತೀರ್ಮಾನಿಸಲಿ.

ಮನೆ ಎಂದರೆ ಕಾರ್ಖಾನೆಯಲ್ಲಿ ಕಟ್ಟಿ, ಚಕ್ರದ ಮೇಲೆ ಎಳೆದು ತಂದು ನಿಲ್ಲಿಸುವ ಮನೆ. ಬಕ್‌ಲಿಕ್ ಕೊಳ್ಳದಲ್ಲಿ ಮೂರಕ್ಕೆ ಎರಡು ಮನೆಗಳು ಅಂಥವೇ. ಪೇಟೆಯವರು ಅದನ್ನು ಟ್ರೇಲರ್ ಎಂದು ಕರೆದು ಮೂಗು ಮುರಿಯುತ್ತಾರೆ. ಒಳಗೆ ಅತ್ತು, ನಕ್ಕು, ಹೆಣ ಇಳಿಸಿ, ಕೇಕು ಕತ್ತರಿಸಿದವರು ಮನೆ ಎನ್ನುತ್ತಾರೆ. ರೊವೀನಾ ಮದುವೆಯಾಗಿ ಬಂದದ್ದೇ ಈ ಮನೆಗೆ. ಆದರೆ ಮನೆಯೂ ನೆಲವೂ ಅವಳ ಗಂಡ ಎಸ್ಟಿಲ್‌ನ ಚಿಕ್ಕಪ್ಪನ ಹೆಸರಿನಲ್ಲಿದ್ದವು. ಚಿಕ್ಕಪ್ಪ ತಿಂಗಳು ತಿಂಗಳು ಬಾಡಿಗೆ ಎಣಿಸಿಕೊಂಡು, ಹೇಗೂ ಒಂದು ದಿನ ಇದೆಲ್ಲ ನಿಮ್ಮದೇ ಅಲ್ಲವೇ ಎನ್ನುತ್ತಿದ್ದ. ಆ ಮಾತನ್ನು ಬರೆದುಕೊಡುವ ಮೊದಲೇ ಸತ್ತ. ಎಸ್ಟಿಲ್ ಅವನಿಗಿಂತ ನಾಲ್ಕು ವರ್ಷ ಮುಂಚೆಯೇ ಹೋಗಿದ್ದ, ಗಣಿಯ ಕಲ್ಲಿದ್ದಲ ದೂಳು ಅವನ ಶ್ವಾಸಕೋಶವನ್ನು ತಿಂದು ಮುಗಿಸಿತ್ತು. ಉಳಿದವರು ಅತ್ತೆ ಸೊಸೆ ಇಬ್ಬರೇ. ಈಗ ಒಹಾಯೋದಲ್ಲಿರುವ ಚಿಕ್ಕಪ್ಪನ ಮಗಳು ಕಾಗದ ಬರೆದಿದ್ದಳು. ಸೆಪ್ಟೆಂಬರ್ ಮುಗಿಯುವುದರೊಳಗೆ ನೀವು ಕೊಂಡರೆ ಸಂತೋಷ, ಇಲ್ಲವಾದರೆ ಲೆಕ್ಸಿಂಗ್ಟನ್ನಿನ ಹಲ್ಲಿನ ಡಾಕ್ಟರೊಬ್ಬರು ಜಿಂಕೆ ಬೇಟೆಗೆ ಬಂದಾಗ ಇಳಿದುಕೊಳ್ಳಲು ಆ ಜಾಗ ಕೇಳುತ್ತಿದ್ದಾರೆ, ಅವರಿಗೆ ಟ್ರೇಲರ್ ಬೇಡವಂತೆ, ಒಡೆದು ಗುಜರಿಗೆ ಹಾಕುತ್ತಾರಂತೆ ಎಂದಿತ್ತು ಕಾಗದ.

ರೊವೀನಾ ಶಾಲೆಯ ಅಡುಗೆಮನೆಯಲ್ಲಿ ಅಡುಗೆಯವಳು. ಇಂಥ ಮನೆಗೆ ಇಂಥ ಸಂಬಳದವಳಿಗೆ ಯಾವ ಬ್ಯಾಂಕೂ ಸುಮ್ಮನೆ ಸಾಲ ಕೊಡುವುದಿಲ್ಲ. ಸರ್ಕಾರ ವಿಮೆ ಕೊಟ್ಟು ಜಾಮೀನು ನಿಂತರೆ ಮಾತ್ರ ಕೊಡುತ್ತದೆ. ಸರ್ಕಾರವೇನೋ ನಿಲ್ಲುತ್ತದೆ, ಆದರೆ ನಿಲ್ಲುವ ಮೊದಲು ಹೆಣ್ಣಿನ ಕಡೆಯವರಿಗಿಂತ ಹೆಚ್ಚಾಗಿ ಜಾತಕ ಕೇಳುತ್ತದೆ. ಎಪ್ಪತ್ತಾರನೆಯ ಇಸವಿಯ ಜೂನ್ ತಿಂಗಳ ನಡುವಿನಿಂದೀಚೆಗೆ ಕಟ್ಟಿದ ಮನೆಯಾಗಿರಬೇಕು. ಇದು ತೊಂಬತ್ತೆಂಟರದು, ಸರಿ. ಹೊರಗೋಡೆಯ ಮೇಲೆ ಸರ್ಕಾರದ ಕೆಂಪು ತಗಡಿನ ಮುದ್ರೆ ಇರಬೇಕು. ಇಸ್ಪೀಟೆಲೆಯಷ್ಟಗಲದ ಆ ತಗಡಿನ ಮೇಲೆ ಎಸ್ಟಿಲ್ ಎರಡು ಸಲ ಬಣ್ಣ ಬಳಿದಿದ್ದ, ಮನೆಗೆ ಟ್ರೇಲರಿನ ಗುರುತು ಯಾಕೆ ಎಂದು. ರೊವೀನಾ ಒಂದು ಇಡೀ ಭಾನುವಾರ ಬೆಣ್ಣೆ ಸವರುವ ಚಾಕುವಿನಿಂದ ಆ ಬಣ್ಣ ಹೆರೆದು, ಒಂದೊಂದೇ ಅಂಕಿಯನ್ನು ಹೊರಗೆ ತಂದಳು. ಚಕ್ರ, ಅಚ್ಚು, ಎಳೆಯುವ ಕೊಂಡಿ ಒಂದೂ ಇರಕೂಡದು. ತೆಗೆಸಿದಳು. ಕೆಳಗೆ ಕಾಯಂ ಅಡಿಪಾಯವಿರಬೇಕು. ನೆರೆಮನೆಯ ಬರ್ಲ್ ಕಾಂಕ್ರೀಟು ಸುರಿದು ಗಟ್ಟಿಮಾಡಿಕೊಟ್ಟ. ಎಂಜಿನಿಯರು ಮನೆಯಡಿ ತೆವಳಿಕೊಂಡು ಹೋಗಿ ನೋಡಿ, ಬಂಡೆಯ ಹಾಗಿದೆ ಎಂದು ರುಜು ಹಾಕಿದ. ನೂರು ವರ್ಷಕ್ಕೊಮ್ಮೆ ಬರುವ ನೆರೆಯ ಗೆರೆಗಿಂತ ನೆಲ ಮೇಲಿರಬೇಕು. ಸರ್ವೆಯವನು ಅಳೆದು ಸಾಕಷ್ಟು ಮೇಲಿದೆ ಎಂದ.

ಹನ್ನೊಂದನೆಯದು ಒಂದೇ ಸಾಲು. ಮನೆ ಕಾರ್ಖಾನೆಯಿಂದ ಅಥವಾ ಮಾರಿದವನ ಅಂಗಡಿಯಿಂದ ನೇರವಾಗಿ ಈ ಜಾಗಕ್ಕೇ ಬಂದಿರಬೇಕು, ಈ ಮುಂಚೆ ಬೇರೆಲ್ಲೂ ನಿಂತಿರಬಾರದು. ರೊವೀನಾ ಅದನ್ನು ಮೂರು ಸಲ ಓದಿದಳು. ನಾಲ್ಕನೆಯ ಸಲ ಓದುವ ಧೈರ್ಯವಾಗದೆ ಪಟ್ಟಿಯನ್ನು ಮಡಚಿಟ್ಟಳು.

ಯಾಕೆಂದರೆ ಈ ಮನೆ ನಿಂತಿತ್ತು. ಕೆಳಗೆ, ಹಳ್ಳದ ಮಗ್ಗುಲಲ್ಲಿ ಹದಿಮೂರು ವರ್ಷ ನಿಂತಿತ್ತು. ಹನ್ನೊಂದು ವರ್ಷದ ಹಿಂದೆ ನೆರೆ ಬಂದು ಒಲೆಯ ಮಂಡಿಯವರೆಗೆ ನೀರು ನುಗ್ಗಿದಾಗ ಎಸ್ಟಿಲ್, ಇದು ಬರೀ ನೋಡಿಕೊಂಡು ಹೋಗಲು ಬಂದದ್ದು, ಮುಂದಿನ ಸಲ ನಮ್ಮನ್ನು ಕರೆದುಕೊಂಡು ಹೋಗಲು ಬರುತ್ತದೆ ಎಂದ. ಮೇಲಿನ ಇಳಿಜಾರಿನ ನೆಲದ ತುಂಡೂ ಚಿಕ್ಕಪ್ಪನದೇ. ಆದರೆ ಮನೆ ಎಳೆಯುವ ಪೇಟೆಯ ಲಾರಿಯವರು ಆ ಕೆಸರು ದಾರಿ ನೋಡಿ ಕೈ ಮುಗಿದರು. ಆಗ ಕೊಳ್ಳದವರೇ ನಿಂತರು. ಎರಡು ದೊಡ್ಡ ಪಾಪ್ಲರ್ ಮರ ಕಡಿದು ಮನೆಯಡಿ ಜಾರುದಿಮ್ಮಿ ಮಾಡಿದರು. ದಿಮ್ಮಿ ಜಾರಬೇಕಾದರೆ ಜಿಡ್ಡು ಬೇಕು. ಕೊಳ್ಳದ ಪ್ರತಿ ಹೆಂಗಸೂ ಹಂದಿಮಾಂಸ ಹುರಿದಾಗ ಉಳಿದ ಕೊಬ್ಬನ್ನು ಒಲೆಯ ಪಕ್ಕ ಡಬ್ಬಿಯಲ್ಲಿ ಕೂಡಿಡುತ್ತಾಳೆ. ಅವತ್ತು ಹೊಳೆ ದಂಡೆಯ ಕೊನೆಯ ಮನೆಯಿಂದಲೂ ಡಬ್ಬಿ ಬಂತು. ದಾರಿಯುದ್ದಕ್ಕೂ ಕೊಬ್ಬು ಬಳಿದು, ಮುಂದೆ ಬರ್ಲನ ಬುಲ್ಡೋಜರ್ ಎಳೆಯುತ್ತಾ, ಹಿಂದೆ ಇಪ್ಪತ್ತಮೂರು ಜನ ತಳ್ಳುತ್ತಾ, ಮನೆಯನ್ನು ತೊಂಬತ್ತು ಹೆಜ್ಜೆ ಮೇಲಕ್ಕೆ ತಂದರು. ಡೆಲ್ಫಿಯಾಳನ್ನು ಹೊರಗೆ ಬಾ ಎಂದು ಎಲ್ಲರೂ ಬೇಡಿಕೊಂಡರು. ಪಾತ್ರೆಗಳನ್ನು ಹಿಡಿದುಕೊಳ್ಳುವವರು ಯಾರು ಎಂದು ಅವಳು ಒಳಗೇ ಉಳಿದಳು. ಕಪಾಟಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ತನ್ನ ಅಡುಗೆಮನೆಯಲ್ಲೇ ಗುಡ್ಡ ಹತ್ತಿ ಬಂದಳು. ಒಂದು ಬಟ್ಟಲೂ ಒಡೆಯಲಿಲ್ಲ. ಎರಡು ವರ್ಷದ ಮೇಲೆ ಮತ್ತೆ ನೆರೆ ಬಂದಾಗ, ಮನೆ ಮೊದಲು ಇದ್ದ ಜಾಗದಲ್ಲಿ ಯಾರದೋ ಕಾರು ಮಗುಚಿ ಬಿದ್ದಿತ್ತು.

ಇದು ಡೆಲ್ಫಿಯಾಳ ಕಥೆ. ಮನೆಗೆ ಬಂದವರಿಗೆಲ್ಲ ಅವಳು ಹೇಳುವ ಒಂದೇ ಕಥೆ. ತಳ್ಳಿದ ಇಪ್ಪತ್ತಮೂರು ಜನರ ಹೆಸರನ್ನೂ ಯಾರ ಪಕ್ಕ ಯಾರು ನಿಂತಿದ್ದರೋ ಅದೇ ಸಾಲಿನಲ್ಲಿ ಹೇಳುತ್ತಾಳೆ, ಮೊದಲು ಎಸ್ಟಿಲ್‌ನದು. ಎಂಬತ್ತನಾಲ್ಕು ವರ್ಷ ಅವಳಿಗೆ. ಪ್ರತಿ ಮೇ ತಿಂಗಳು ಸಮಾಧಿಗಳಿಗೆ ಹೂವಿಡುವ ದಿನ, ಗುಡ್ಡದ ಮೇಲೆ ಕಲ್ಲಿಲ್ಲದ ಗೋರಿಗಳಲ್ಲಿ ಯಾರು ಮಲಗಿದ್ದಾರೆ ಎಂದು ಕೇಳಲು ಕೊಳ್ಳದವರು ಬರುವುದು ಅವಳ ಬಳಿಗೇ.

ಮನೆ ನೋಡಿ ವರದಿ ಬರೆಯಲು ಸಾಲದ ಕಚೇರಿಯ ತನಿಖೆಯವನು ಬರುವ ಹಿಂದಿನ ದಿನ ರೊವೀನಾ ಅತ್ತೆಯನ್ನು ಕೂರಿಸಿಕೊಂಡು, ನಾಳೆ ಬರುವವನ ಎದುರು ಮನೆ ಎಳೆದ ಮಾತು ಎತ್ತಬೇಡಿ ಎಂದು ಹೇಳಿದ್ದಳು. ನಾನೇನು ತೊಟ್ಟಿಲ ಕೂಸಾ ಎಂದು ಡೆಲ್ಫಿಯಾ ಮುಖ ತಿರುಗಿಸಿದ್ದಳು. ಮೂರು ಗಂಟೆಗೆ ಬರಬೇಕಾದವನು ಹನ್ನೊಂದಕ್ಕೇ ಬಂದ. ರೊವೀನಾ ಆಗ ಶಾಲೆಯಲ್ಲಿ ಆಲೂಗಡ್ಡೆ ಹಿಸುಕುತ್ತಿದ್ದಳು. ಬಂದವನ ಹೆಸರು ಕೋಲ್ಬಿ, ಇಪ್ಪತ್ತೈದರ ಹುಡುಗ, ಮಾತು ನಯ. ಅಳತೆ ಹಿಡಿದ, ಫೋಟೋ ತೆಗೆದ. ಊಟದ ಹೊತ್ತಿಗೆ ಬಂದವನನ್ನು ಹಸಿದ ಹೊಟ್ಟೆಯಲ್ಲಿ ಕಳಿಸಿದ ಮನೆ ಬಕ್‌ಲಿಕ್‌ನಲ್ಲಿ ಇಲ್ಲ. ಡೆಲ್ಫಿಯಾ ಬೀನ್ಸ್ ಸಾರು, ಮೆಕ್ಕೆಜೋಳದ ಬ್ರೆಡ್ಡು, ಹೆಚ್ಚಿದ ಈರುಳ್ಳಿ ಬಡಿಸಿದಳು. ಬಡಿಸಿದ ಮೇಲೆ ಬಾಯಿ ಮುಚ್ಚಿಕೊಂಡು ಕೂರುವುದು ಅವಳ ಪ್ರಕಾರ ಊಟ ಹಾಕದಿರುವುದಕ್ಕಿಂತ ದೊಡ್ಡ ಅವಮಾನ. ಒಂದು ಮಾತಿಗೆ ಒಂದು ಸೇರಿ, ಸೊಸೆ ಹೇಳಿದ್ದೆಲ್ಲ ಮರೆತುಹೋಗಿ, ಬುಲ್ಡೋಜರ್, ಕೊಬ್ಬಿನ ಡಬ್ಬಿ, ಇಪ್ಪತ್ತಮೂರು ಹೆಸರು ಎಲ್ಲ ಹೊರಗೆ ಬಂತು. ಹುಡುಗ ಕಣ್ಣರಳಿಸಿ ಕೇಳಿದ, ನಕ್ಕ, ಎರಡನೆಯ ಸಲ ಬಡಿಸಿಕೊಂಡು ತಿಂದ, ಇಷ್ಟು ಒಳ್ಳೆಯ ಕಥೆ ಕೇಳಿಯೇ ಇರಲಿಲ್ಲ ಎಂದು ಕೈ ಕುಲುಕಿ ಹೋದ. ಹೋಗಿ ಆ ಎರಡು ತಟ್ಟೆ ತಿಂದ ಕೈಯಲ್ಲೇ ಎಲ್ಲವನ್ನೂ ವರದಿಯಲ್ಲಿ ಬರೆದ.

ಸಾಲದ ಕಚೇರಿಯ ಮಿಸೆಸ್ ಪ್ರೇಟರ್ ಫೋನು ಮಾಡಿದ್ದು ಸೋಮವಾರ. ರೊವೀನಾ ಶಾಲೆಯ ಏಪ್ರನ್ನಿನಲ್ಲೇ ಹೋಗಿ ಅವಳ ಮೇಜಿನ ಎದುರು ಕೂತಳು. ಪ್ರೇಟರ್ ಕೆಟ್ಟ ಹೆಂಗಸಲ್ಲ, ಅವಳ ಅಕ್ಕನೂ ಇಂಥದೇ ಮನೆಯಲ್ಲಿದ್ದಾಳೆ. ವರದಿಯ ಹಾಳೆಯನ್ನು ತಿರುಗಿಸಿಟ್ಟು, ಕೆಳಗಿನ ತುಂಡು ಬೇರೆ, ಮೇಲಿನ ತುಂಡು ಬೇರೆ, ಎರಡಕ್ಕೂ ಬೇರೆ ಬೇರೆ ಪತ್ರಗಳಿವೆ, ಹಾಗಾಗಿ ಮನೆ ಇನ್ನೊಂದು ಜಾಗದಲ್ಲಿ ನಿಂತಿದ್ದ ಹಾಗಾಯಿತು ಎಂದು ವಿವರಿಸಿದಳು.

"ಕೆಳಗೇ ಬಿಟ್ಟಿದ್ರೆ ಸಾಲ ಕೊಡ್ತಿದ್ರಾ?" ಎಂದಳು ರೊವೀನಾ.

"ಇಲ್ಲ. ಆ ಜಾಗ ನೆರೆ ಗೆರೆಗಿಂತ ಕೆಳಗಿದೆ."

"ಮೇಲೆ ತಂದಿದೀವಲ್ಲ."

"ತಂದಿದ್ದಕ್ಕೇ ಕೊಡೋಕಾಗಲ್ಲ. ಕದಲಿಸಿದ ಮನೆ ಅದು."

"ಹಂಗಾದ್ರೆ ನಾವೇನ್ ಮಾಡ್ಬೇಕಿತ್ತು, ಅದನ್ನಾದ್ರೂ ಹೇಳಿ. ಒಳಗೇ ಕೂತ್ಕೊಂಡು ಮುಳುಗ್ಬೇಕಿತ್ತಾ?"

ಮಿಸೆಸ್ ಪ್ರೇಟರ್ ನಿಯಮದ ಪುಸ್ತಕವನ್ನು ತೆರೆದು ನೋಡಿದಳು. ನಿಜವಾಗಿಯೂ ಅದರಲ್ಲಿ ಉತ್ತರವಿದೆಯೇನೋ ಎಂದು ಹುಡುಕಿದಳು. "ಆಗ್ಲೇ ಹೊಸ ಮನೆ ಕೊಂಡು ನೇರವಾಗಿ ಮೇಲೆ ಇಟ್ಟಿದ್ರೆ ಸರಿಹೋಗ್ತಿತ್ತು," ಎಂದಳು.

ರೊವೀನಾಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಹೊಸ ಮನೆ ಕೊಳ್ಳುವ ಶಕ್ತಿ ಇದ್ದವರು ಹಂದಿಕೊಬ್ಬು ಬಳಿದು ಹಳೆಯದನ್ನು ಯಾಕೆ ತಳ್ಳುತ್ತಾರೆ? ಎಳೆದ ಮನೆಯ ಕೀಲು ಸಡಿಲವಾಗಿರುತ್ತದೆ, ಅದಕ್ಕೇ ಈ ನಿಯಮ ಎಂದು ಪ್ರೇಟರ್ ಹೇಳಿದಳು. ಸಡಿಲವಾಗಿಲ್ಲ ಎಂದು ನಿಮ್ಮ ಎಂಜಿನಿಯರೇ ರುಜು ಹಾಕಿದ್ದಾನಲ್ಲ ಎಂದರೆ, ಅದು ಬೇರೆ ಷರತ್ತಿಗೆ ಹಾಕಿದ ರುಜು ಎಂದಳು. ಒಂದು ಷರತ್ತು ಬರೆದವನು ಪಕ್ಕದ ಷರತ್ತನ್ನು ಓದಿರಲಿಲ್ಲ, ಅಷ್ಟೇ. ಆ ಇಬ್ಬರೂ ಮಹಾರಾಯರು ಎಲ್ಲೋ ಒಣನೆಲದ ಮೇಲೆ ಸುಖವಾಗಿ ಕೂತು ಬರೆದಿದ್ದರು.

ರೊವೀನಾ ಎದ್ದು ನಿಂತಾಗ ಪ್ರೇಟರ್ ಬಾಗಿಲಿನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ವರದಿಯಲ್ಲಿರೋದು ವಯಸ್ಸಾದವರೊಬ್ಬರ ಬಾಯಿಮಾತು ಮಾತ್ರ. ಆ ಹಿರಿಯರಿಗೆ ನೆನಪು ಸರಿಯಿಲ್ಲ, ಅವರು ಹೇಳಿದ್ದು ನಿಜ ಅಲ್ಲ ಅಂತ ಮನೆಯವರು ಬರ್ದುಕೊಟ್ರೆ, ಇನ್ನೊಬ್ರನ್ನ ಕಳ್ಸಿ ಮತ್ತೆ ನೋಡಿಸ್ಬಹುದು. ನಾನು ಹೇಳ್ದೆ ಅಂತ ಎಲ್ಲೂ ಅನ್ಬೇಡಿ."

ಮನೆಗೆ ಬಂದ ರೊವೀನಾ ಮೊದಲು ಮಾಡಿದ ಕೆಲಸ ಅತ್ತೆಯ ಮೇಲೆ ಹರಿಹಾಯ್ದದ್ದು. ನಾಲಿಗೆಗೆ ಒಂದು ದಿನ ರಜೆ ಕೊಟ್ಟಿದ್ದರೆ ನಿಮ್ಮ ಗಂಟು ಹೋಗುತ್ತಿತ್ತೇ ಎಂದಳು. ಊಟ ಹಾಕಿದ್ದು ಸಾಲದೇ, ಮನೆಯನ್ನೂ ಬಡಿಸಬೇಕಿತ್ತೇ ಎಂದಳು. ಬೈಗುಳಕ್ಕೆ ಬೈಗುಳ ಕೊಡದೆ ಬಿಟ್ಟ ಅತ್ತೆಯನ್ನು ರೊವೀನಾ ಅದೇ ಮೊದಲು ಕಂಡಳು. ಕಂಡು ನಾಚಿಕೆಯಾಗಿ ಹೊರಗೆ ಹೋದಳು.

ಅತ್ತೆಗೆ ನೆನಪಿಲ್ಲವೆಂದು ಬರೆದುಕೊಡಬೇಕಾದ ಹಾಳೆಯ ಸಮೇತ ಸುದ್ದಿ ಕೊಳ್ಳದ ತುಂಬ ಹಬ್ಬಿತು. ಸಂಜೆ ಬರ್ಲನ ಜಗಲಿಯಲ್ಲಿ ಆರೇಳು ಜನ ಸೇರಿ, ಮನೆ ಮೊದಲಿನಿಂದ ಮೇಲೆಯೇ ಇತ್ತು ಎಂದು ಬೈಬಲ್ ಮುಟ್ಟಿ ಹೇಳುತ್ತೇವೆ ಎಂದರು. ತಳ್ಳಿ ತಳ್ಳಿ ಸೊಂಟ ಹಿಡಿಸಿಕೊಂಡವರೂ ಆ ಗುಂಪಿನಲ್ಲಿದ್ದರು. "ಬೇಕಾದ್ರೆ ನನ್ನ ಬುಲ್ಡೋಜರಿಗೂ ನೆನಪು ಹೋಗಿದೆ ಅಂತ ಬರ್ದುಕೊಡ್ತೀನಿ," ಎಂದ ಬರ್ಲ್. ಎಲ್ಲರೂ ನಕ್ಕರು. ರೊವೀನಾಳಿಗೆ ನಗು ಬರಲಿಲ್ಲ. ಅವರೆಲ್ಲ ಕೊಡಲು ಹೊರಟದ್ದು ತಮ್ಮ ಸುಳ್ಳು ಸಾಕ್ಷಿಯನ್ನು. ಕಚೇರಿಗೆ ಬೇಕಾಗಿದ್ದದ್ದು ಅವರ ಸಾಕ್ಷಿಯಲ್ಲ. ಡೆಲ್ಫಿಯಾ ಹುಚ್ಚಿ ಎಂಬ ಒಂದು ಹಾಳೆ.

ಮೂರು ದಿನ ಆ ಹಾಳೆ ಬಿಳಿಯಾಗಿಯೇ ಮೇಜಿನ ಮೇಲಿತ್ತು. ರೊವೀನಾ ಪೆನ್ನು ಹಿಡಿಯುವುದು, ಅತ್ತೆಯ ಹೆಸರು ಬರೆಯಲು ಹೋಗುವುದು, ಅಲ್ಲಿಗೇ ನಿಲ್ಲುವುದು. ಕೊಳ್ಳದ ನೂರು ವರ್ಷದ ಹುಟ್ಟು ಸಾವು ತಲೆಯಲ್ಲಿಟ್ಟುಕೊಂಡವಳನ್ನು ನೆನಪಿಲ್ಲದವಳು ಎಂದು ಹೇಗೆ ಬರೆಯುವುದು? ನಾಲ್ಕನೆಯ ದಿನ ಡೆಲ್ಫಿಯಾ ಬಟಾಣಿ ಬಿಡಿಸುತ್ತಾ ಎದುರಿಗೆ ಬಂದು ಕೂತಳು.

"ಏನ್ ಬರ್ದಿದೀಯ, ಓದು."

"ಏನೂ ಬರ್ದಿಲ್ಲ ಅತ್ತೆ."

"'ನಮ್ಮತ್ತೆಗೆ ಬುದ್ಧಿ ನೆಟ್ಟಗಿಲ್ಲ.' ಅಷ್ಟು ಬರಿ. ಮದುವೆಯಾದಾಗಿಂದ ಬರೀಬೇಕು ಅಂತ ಆಸೆ ಇತ್ತಲ್ವೇನೇ ನಿಂಗೆ."

"ಬೇಡ ಅತ್ತೆ. ಮನೆ ಹೋದ್ರೆ ಹೋಗ್ಲಿ."

"ಹೋದ್ರೆ ನೀನೆಲ್ಲೋ ಒಂದು ಕಡೆ ಇರ್ತೀಯ. ನನ್ನನ್ನ ಪೇಟೆ ವೃದ್ಧಾಶ್ರಮದಲ್ಲಿ ಕೂರಿಸ್ತಾರೆ, ಅಲ್ಲಿ ನಿಜವಾಗ್ಲೂ ಬುದ್ಧಿ ಕೆಡುತ್ತೆ. ಈಗ್ಲೇ ಕೆಟ್ಟಿದೆ ಅಂತ ಬರ್ದು ಮನೇಲೇ ಇರೋದು ವಾಸಿ. ಬರಿ."

ರೊವೀನಾ ಬರೆದಳು. ಪ್ರತಿ ಅಕ್ಷರಕ್ಕೂ ಹಲ್ಲು ಕಚ್ಚಿಕೊಂಡು ಬರೆದಳು. ಮುದುಕಿ ಕೊನೆಗೊಮ್ಮೆ ಓದಿಸಿಕೊಂಡು, ಎರಡನೆಯ ಸಾಲಿನಲ್ಲಿ ತಾರೀಖು ತಪ್ಪಾಗಿದೆ ಎಂದು ತಿದ್ದಿಸಿದಳು.

ಎರಡನೆಯ ತನಿಖೆಗೆ ಬಂದವನು ವಿಕರ್ ಎಂಬ ಅರವತ್ತರ ಆಸಾಮಿ. ಅವತ್ತು ರೊವೀನಾ ರಜೆ ಹಾಕಿದ್ದಳು. ಡೆಲ್ಫಿಯಾ ಬೆಳಿಗ್ಗೆಯೇ ಸ್ವೆಟರಿನ ಗುಂಡಿಗಳನ್ನು ಒಂದು ತೂತು ಬಿಟ್ಟು ಒಂದಕ್ಕೆ ಹಾಕಿಕೊಂಡು ಕೂತಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ, ಅವಳದೇ ಯೋಚನೆ. ಹೊಸಬನಿಗೆ ನೀರು ಬೇಕೇ ಎಂದು ಕೂಡ ಕೇಳಲಿಲ್ಲ. ಹಾಗೆ ಕೇಳದೆ ಕೂರಲು ಅವಳು ಎಷ್ಟು ಕಷ್ಟಪಟ್ಟಳು ಎಂಬುದು ರೊವೀನಾಳಿಗೆ ಮಾತ್ರ ಗೊತ್ತು.

ವಿಕರ್ ಕುರ್ಚಿ ಎಳೆದುಕೊಂಡು ಕಿವುಡರೊಂದಿಗೆ ಮಾತಾಡುವ ಹಾಗೆ ಜೋರಾಗಿ ಕೇಳಲು ಶುರುಮಾಡಿದ. ಇವತ್ತು ಯಾವ ವಾರ ಎಂದರೆ ಡೆಲ್ಫಿಯಾ ಭಾನುವಾರ ಎಂದಳು. ಗುರುವಾರವಾಗಿತ್ತು. ಈ ಹೆಂಗಸು ಯಾರು ಎಂದು ರೊವೀನಾಳನ್ನು ತೋರಿಸಿದರೆ, ಊಟ ಹಾಕುವವಳು, ಉಪ್ಪು ಮಾತ್ರ ಕಡಿಮೆ ಎಂದಳು. ಅವನು ತುಟಿಯಂಚಿನಲ್ಲಿ ನಕ್ಕ. ರೊವೀನಾಳೂ ನಗು ತಡೆದುಕೊಂಡಳು. ಇಲ್ಲಿಯವರೆಗೆ ಅದು ಅತ್ತೆ ಸೊಸೆಯ ನಡುವಿನ ಆಟದ ಹಾಗೆಯೇ ಇತ್ತು.

"ಈ ಮನೆ ಮೊದ್ಲು ಕೆಳಗಡೆ ಇತ್ತಾ ಅಜ್ಜಿ?"

"ಯಾವ ಮನೆ?"

"ನಿಮ್ಮ ಮಗ ಇದನ್ನ ಮೇಲಕ್ಕೆ ಎಳ್ಕೊಂಡು ಬಂದ ಅಂತ ಹೇಳಿದ್ರಂತೆ. ಎಸ್ಟಿಲ್ ಅಂತ ಹೆಸರು ಹೇಳಿದ್ರಂತೆ."

ಎಸ್ಟಿಲ್‌ನ ಹೆಸರು ಹಿಡಿದು ಕೇಳಬಹುದೆಂದು ಇಬ್ಬರೂ ಯೋಚಿಸಿರಲಿಲ್ಲ. ಡೆಲ್ಫಿಯಾ ಮಡಿಲಿನಲ್ಲಿದ್ದ ಕೈಗಳನ್ನು ನೋಡಿಕೊಂಡಳು. ಮಗ ಹೌದು, ಎಳೆಯಲಿಲ್ಲ ಎನ್ನಬಹುದಿತ್ತು. ಮರೆತೆ ಎನ್ನಬಹುದಿತ್ತು. ಆದರೆ ಅವನ ಹೆಸರು ಒಮ್ಮೆ ಬಾಯಿಗೆ ಬಂದರೆ ಹಿಂದೆಯೇ ಉಳಿದ ಇಪ್ಪತ್ತೆರಡೂ ಬರುತ್ತವೆ ಎಂದು ಅವಳಿಗೆ ತನ್ನ ಮೇಲೆಯೇ ಹೆದರಿಕೆ.

"ನಂಗೆ ಮಗ ಇಲ್ಲ," ಎಂದಳು. "ಯಾವತ್ತೂ ಇರ್ಲಿಲ್ಲ."

ವಿಕರ್ ಹಾಳೆಯ ಮೇಲೆ ಒಂದು ಗುರುತು ಹಾಕಿದ. ಹಾಕಿ ರೊವೀನಾಳ ಕಡೆ ಅನುಕಂಪದಿಂದ ನೋಡಿ, ನಮ್ಮ ತಾಯಿಯೂ ಹೀಗೇ ಆಗಿದ್ದರು ಎಂದ. ರೊವೀನಾಳಿಗೆ ಅವನ ಕೈಯಿಂದ ಆ ಹಾಳೆ ಕಿತ್ತುಕೊಂಡು, ಇವಳ ತಲೆ ನಿನಗಿಂತ ಚೆನ್ನಾಗಿದೆ ಕಣಯ್ಯ, ಇವಳ ಮಗ ಅಂಥವನಿದ್ದ, ಈ ಮನೆಯನ್ನು ಹೀಗೆ ತಂದ ಎಂದು ಕೂಗಬೇಕೆನಿಸಿತು. ಬಾಯಿ ತೆರೆದಳು ಕೂಡ. ಮುದುಕಿ ಅವಳ ಕಡೆ ಒಂದು ನೋಟ ನೋಡಿದಳು. ನಾನು ಇಷ್ಟು ಹೇಳಿದ ಮೇಲೂ ನೀನು ಕೆಡಿಸಿದರೆ ನೋಡು ಎನ್ನುವ ನೋಟ. ರೊವೀನಾ ಬಾಯಿ ಮುಚ್ಚಿ, ವಿಕರ್‌ನನ್ನು ಬಾಗಿಲವರೆಗೆ ಬಿಟ್ಟು ಬಂದಳು.

ಬರುವಷ್ಟರಲ್ಲಿ ಡೆಲ್ಫಿಯಾ ಗುಂಡಿಗಳನ್ನು ಬಿಚ್ಚಿ ಸರಿಯಾಗಿ ಹಾಕಿಕೊಳ್ಳುತ್ತಿದ್ದಳು. ಹಾಕಿಕೊಡಲು ಹೋದ ಸೊಸೆಯ ಕೈಯನ್ನು ತಳ್ಳಿದಳು.

"ಏನು ಗುರುತು ಹಾಕಿದ?"

"ಕದಲಿಸಿಲ್ಲ ಅಂತ ಹಾಕಿದ."

"ಸರಿ ಮತ್ತೆ," ಎಂದು ಡೆಲ್ಫಿಯಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ದಿನ ಊಟಕ್ಕೆ ಬರಲಿಲ್ಲ.

ಸೆಪ್ಟೆಂಬರ್ ಇಪ್ಪತ್ತಾರಕ್ಕೆ ಪತ್ರಗಳಿಗೆ ರುಜು ಬಿತ್ತು. ಮನೆ ರೊವೀನಾಳದಾಯಿತು. ಸಾಲದ ಅವಧಿ ಮೂವತ್ತು ವರ್ಷ. ಮಿಸೆಸ್ ಪ್ರೇಟರ್ ಪೆನ್ನು ಕೊಡುತ್ತಾ, ಈ ಮೂವತ್ತು ವರ್ಷದಲ್ಲಿ ಆ ಹೇಳಿಕೆ ಸುಳ್ಳು ಅಂತ ಎಲ್ಲಾದರೂ ಹೊರಬಿದ್ದರೆ ಎಲ್ಲರಿಗೂ ತೊಂದರೆ ಎಂದು ಎಚ್ಚರಿಸಿದಳು. ಬರ್ಲ್ ಮನೆ ಮನೆಗೆ ಹೋಗಿ ಹೇಳಿ ಬಂದ. ಕೊಳ್ಳದವರು ಬಾಯಿಗೆ ಬೀಗ ಹಾಕಿಕೊಂಡರು. ತಾವು ಜೀವಮಾನದಲ್ಲಿ ಕೂಡಿ ಮಾಡಿದ ಒಂದು ಒಳ್ಳೆಯ ಕೆಲಸವನ್ನು ಕಳ್ಳತನ ಮಾಡಿದವರ ಹಾಗೆ ಮುಚ್ಚಿಟ್ಟುಕೊಂಡರು. ಯಾವ ಪುಣ್ಯಾತ್ಮ ಈ ನಿಯಮ ಬರೆದನೋ ಅವನಿಗೆ ಇದೊಂದೂ ಗೊತ್ತಿಲ್ಲ. ಅವನ ಲೆಕ್ಕದಲ್ಲಿ ಒಮ್ಮೆಯೂ ಕದಲದ ಇನ್ನೊಂದು ಮನೆಗೆ ಸರ್ಕಾರ ಜಾಮೀನು ನಿಂತಿದೆ, ಎಲ್ಲ ಸರಿಯಾಗಿದೆ.

ಅಕ್ಟೋಬರಿನಲ್ಲಿ ಮನೆಯ ಗ್ಯಾಸ್ ಟ್ಯಾಂಕು ತುಂಬಲು ಕೆಲಸಕ್ಕೆ ಹೊಸದಾಗಿ ಸೇರಿದವನೊಬ್ಬ ಬಂದ. ಬೇರೆ ಜಿಲ್ಲೆಯವನು, ಏದುಸಿರು ಬಿಡುತ್ತಾ ಗುಡ್ಡ ಹತ್ತಿ ಬಂದಿದ್ದ. ಊಟದ ಹೊತ್ತು. ಡೆಲ್ಫಿಯಾ ಕೂರಿಸಿ ಬಡಿಸಿದಳು, ತನಗೂ ಬಡಿಸಿಕೊಂಡು ಎದುರಿಗೆ ಕೂತಳು. ಅವನು ಬ್ರೆಡ್ಡು ಮುರಿಯುತ್ತಾ ಕಿಟಕಿಯಿಂದ ಕೆಳಗಿನ ಹಳ್ಳವನ್ನು ನೋಡಿದ.

"ಅಲ್ಲಾ ಅಜ್ಜಿ, ಇಷ್ಟು ಎತ್ತರಕ್ಕೆ, ಈ ದಾರೀಲಿ, ಇಷ್ಟು ದೊಡ್ಡ ಮನೇನ ಹೆಂಗ್ ತಂದ್ರಿ?"

ರೊವೀನಾ ಪಾತ್ರೆ ತೊಳೆಯುವ ನಲ್ಲಿ ನಿಲ್ಲಿಸಿದಳು. ಮೂವತ್ತು ವರ್ಷ ಮುಗಿಯುವಾಗ ಅತ್ತೆಗೆ ನೂರ ಹದಿನಾಲ್ಕು ಎಂದು ಅವಳ ತಲೆಗೆ ಅದೇ ಹೊತ್ತಿನಲ್ಲಿ ಹೊಳೆಯಿತು. ಡೆಲ್ಫಿಯಾಳ ಮುಖ ಒಂದು ಕ್ಷಣ ಅರಳಿತು, ಬೆನ್ನು ನೆಟ್ಟಗಾಯಿತು, ಕೈ ತಾನಾಗಿ ಕಪಾಟಿನ ಕಡೆ ಎದ್ದಿತು. ಆಮೇಲೆ ಆ ಕೈಯನ್ನು ಇಳಿಸಿ ಮೇಜಿನ ಮೇಲಿಟ್ಟಳು.

"ಗೊತ್ತಿಲ್ಲಪ್ಪ," ಎಂದಳು. "ನಾನು ಬಂದಾಗ್ಲೇ ಇಲ್ಲಿತ್ತು. ಯಾರು ತಂದ್ರೋ ಏನೋ."

ಅವನಿಗೆ ಇನ್ನೊಂದು ಸೌಟು ಬೀನ್ಸ್ ಬಡಿಸಿ, ತನ್ನ ತಟ್ಟೆಯನ್ನು ಹಾಗೇ ಬಿಟ್ಟು ಎದ್ದುಹೋದಳು.